ಹೂವಿನ ಮೇಲಿರುವವರು

ನಮ್ಮೂರಿನಲ್ಲಿ ಮಹಡಿ ಮನೆ ಒಂದೂ ಇಲ್ಲ. ಕಟ್ಟಿಸುವ ಶಕ್ತಿ ಇಲ್ಲದೆ ಅಲ್ಲ, ಎಣ್ಣೆ ಗಾಣದ ಸಾಹುಕಾರರ ಮನೆಯೂ ನಮ್ಮ ಮನೆಯಷ್ಟೇ ಎತ್ತರ. ಮೇಲೊಂದು ಕೋಣೆ ಎಬ್ಬಿಸಿದರೆ ಅದರ ನೆರಳು ಪಕ್ಕದ ಮನೆಯ ಹೊಳೆದಾಸವಾಳದ ಮೇಲೆ ಬೀಳುತ್ತದೆ. ನೆರಳಿಗೆ ಸಿಕ್ಕ ಹೊಳೆದಾಸವಾಳ ಹೂ ಬಿಡುವುದಿಲ್ಲ. ಮರ ಹೂ ಬಿಡದ ಮನೆಯಲ್ಲಿ ಜನ ಯಾವಾಗ ಬೇಕಾದರೂ ಸಾಯಬಹುದು. ಬೇರೆ ಊರುಗಳಲ್ಲಿ ಎಲ್ಲರೂ ಹಾಗೇ ಸಾಯುತ್ತಾರೆಂದು ಕೇಳಿದ್ದೇನೆ, ಪಾಪ. ನಮ್ಮಲ್ಲಿ ಅಂಗಳದ ಮರ ಹೂ ಹಿಡಿದಿರುವ ತನಕ ಆ ಮನೆಯ ಕಾಂಪೌಂಡಿನ ಒಳಗಿರುವ ಯಾರೂ ಸಾಯುವುದಿಲ್ಲ. ಕೊನೆಯ ಹೂ ಉದುರಿದ ಮೇಲೆ, ಹೋಗಬೇಕಾಗಿದ್ದವರು ಹೋಗುತ್ತಾರೆ.

ಹೊಳೆದಾಸವಾಳ ಅಂದರೆ ಹೊಳೆ ದಂಡೆಯಲ್ಲಿ ಆಕಾಶಕ್ಕೆ ಬೆಳೆಯುವ ಆ ದೊಡ್ಡ ಮರವಲ್ಲ. ಇದು ಅದರ ಗಿಡ್ಡ ತಂಗಿ, ಮನೆಯಂಗಳದ ಜಾತಿ. ಕಾಂಡದ ತೊಗಟೆ ತಾನಾಗಿ ಸುಲಿದುಕೊಂಡು ಒಳಗಿನ ಮೈ ನುಣ್ಣಗೆ, ತಣ್ಣಗೆ ಇರುತ್ತದೆ. ಎಸಳುಗಳು ಸುಕ್ಕುಸುಕ್ಕು. ನಮ್ಮ ಮನೆಯವರು, ಗುರುಶಾಂತಪ್ಪ ಅಂತ, ಪೇಟೆಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದವರು. ಮದುವೆಯಾದ ಹೊಸತರಲ್ಲಿ ಒಂದು ಗೊಂಚಲನ್ನು ಕೈಯಲ್ಲಿ ಹಿಡಿದುಕೊಂಡು, ಇಷ್ಟು ಸಣ್ಣ ಎಸಳಿಗೆ ಇಷ್ಟೊಂದು ಫ್ರಿಲ್ ಇಟ್ಟವನಿಗೆ ಬೇರೆ ಕೆಲಸ ಇರಲಿಲ್ಲವೇನೋ ಎಂದಿದ್ದರು. ನಮ್ಮ ಮರದ್ದು ರಾಣಿ ಬಣ್ಣ. ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಹೂ ಹಿಡಿಯುವುದು, ಎಲ್ಲರಿಗಿಂತ ಕೊನೆಗೆ ಉದುರಿಸುವುದು ನಮ್ಮದೇ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಅಂತಲೇ ಅಂದುಕೊಳ್ಳಿ, ನನಗೇನು.

ಊರು ಇದಕ್ಕೆ ಯಾವತ್ತೋ ಹೊಂದಿಕೊಂಡಿದೆ. ಹೆಣ್ಣು ಕೊಡುವವರು ಹುಡುಗನ ಸಂಬಳಕ್ಕಿಂತ ಮೊದಲು ಅಂಗಳಕ್ಕೆ ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂದು ನೋಡುತ್ತಾರೆ. ಕ್ಲಿನಿಕ್ಕಿನಲ್ಲಿ ಡಾಕ್ಟರು ನಾಡಿ ಹಿಡಿಯುತ್ತ 'ಮರ ಹೇಗಿದೆ?' ಎಂದು ವಿಚಾರಿಸುತ್ತಾರೆ. ಚಟ್ಟದ ಬಿದಿರು ಮಾರುವವನು ಹೂವಿನ ತಿಂಗಳುಗಳಲ್ಲಿ ಅದೇ ಬಿದಿರಿನಿಂದ ಏಣಿ ಮಾಡಿ ಮಾರುತ್ತಾನೆ, ಎತ್ತರದ ಗೊಂಚಲು ಕತ್ತರಿಸಲು ಎಲ್ಲರಿಗೂ ಏಣಿ ಬೇಕಲ್ಲ. ಚಳಿ ಶುರುವಾಗಿ ಮರಗಳೆಲ್ಲ ಹೂ ಉದುರಿಸಿಕೊಂಡ ವಾರಕ್ಕೆ ಉದುರುವ ವಾರ ಎನ್ನುತ್ತೇವೆ. ಆ ವಾರ ಶಾಲೆಗೆ ರಜೆ, ಹೋಟೆಲುಗಳಲ್ಲಿ ಒಲೆ ಹಚ್ಚುವುದಿಲ್ಲ, ಒಂದೊಂದು ಬೀದಿಯಿಂದ ಒಂದೊಂದು ಸಲ ಅಳು ಕೇಳಿಸುತ್ತದೆ. ಅದಾದ ಮೇಲೆ ಚಿಗುರುವ ತನಕ ಜನ ಮೆಲ್ಲಗೆ ಬದುಕುತ್ತಾರೆ. ಮಕ್ಕಳನ್ನು ಗೋಡೆ ಹತ್ತಲು ಬಿಡುವುದಿಲ್ಲ, ದೊಡ್ಡವರು ಜಗಳ ಆಡುವುದಿಲ್ಲ.

ಹೂ ಚೆನ್ನಾಗಿ ಬರಬೇಕೆಂದರೆ ಏನು ಮಾಡಬೇಕು ಎಂದು ನನ್ನನ್ನು ಕೇಳದವರಿಲ್ಲ. ಪಕ್ಕದ ಮನೆಗೆ ಸೊಸೆಯಾಗಿ ಬಂದ ಹೇಮಾವತಿ ಮಾತ್ರ ಕೇಳಲಿಲ್ಲ. ಆಕೆ ಹೊರಗಿನ ಊರಿನವಳು. ಮಾವನಿಗೆ ಎದೆನೋವು ಬಂದ ವರ್ಷ ಮರವನ್ನು ಉಪಚಾರ ಮಾಡಿದ್ದೇ ಮಾಡಿದ್ದು. ಬುಟ್ಟಿಗಟ್ಟಲೆ ಸಗಣಿ ಗೊಬ್ಬರ, ಕಡಲೆಕಾಯಿ ಹಿಂಡಿ, ದಿನಾ ಸಂಜೆ ಎಲೆಯ ಮೇಲೆ ನೀರು. ಮರ ಗೋಡೆ ಮೀರಿ ಬೆಳೆಯಿತು, ಎಲೆ ಕರಿಹಸಿರಾಯಿತು, ಆಮೇಲೆ ಎಲೆಗಳಿಗೆ ಬೂದಿರೋಗ ಹತ್ತಿತು. ಹೂ ಮಾತ್ರ ಒಂದೂ ಬರಲಿಲ್ಲ. ಬೀದಿಯೆಲ್ಲ ಹೂ ತುಂಬಿಕೊಂಡಿದ್ದಾಗ ಆಕೆಯ ಮಾವ ತೀರಿಕೊಂಡರು. ಹೂವಿನ ತಿಂಗಳಲ್ಲಿ ಹೆಣ ಎತ್ತುವುದನ್ನು ನೋಡಿರದ ಮಕ್ಕಳು ಅದೇನೆಂದು ಕೇಳುತ್ತಿದ್ದವು.

ಆಕೆ ಕಾಂಪೌಂಡಿನ ಆಚೆ ನಿಂತು ಅಳುವಾಗ ನಾನು ಸಮಾಧಾನ ಮಾಡಲಿಲ್ಲ, ಬೈದೆ. ಹೊಟ್ಟೆ ತುಂಬಿದ ಮರ ಯಾಕೆ ಹೂ ಬಿಡುತ್ತದೆ, ಅದಕ್ಕೆ ಎಲೆ ಹಾಕಿಕೊಂಡು ಮೈ ಬೆಳೆಸುವುದೇ ಸುಖ. ಅದನ್ನು ಸ್ವಲ್ಪ ಹಸಿವಿನಲ್ಲಿ ಇಡಬೇಕು, ಪೂರ್ತಿ ಬಿಸಿಲಿಗೆ ಒಡ್ಡಬೇಕು, ನೀರು ಬೇರಿಗೆ ಹಾಕಬೇಕು, ಎಲೆಗಲ್ಲ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಿ, ಅದಕ್ಕೇ ಚಳಿ ಮುಗಿಯುವಾಗ ಸಣ್ಣ ಕಡ್ಡಿಗಳನ್ನು ಸವರಬೇಕು. ಹಾಗಂತ ನಮ್ಮ ಕೆಲವು ಗಂಡಸರು ಮಾಡುವ ಹಾಗೆ ಕೊಡಲಿ ತಗೊಂಡು ತಲೆಯನ್ನೇ ಹಾರಿಸಬಾರದು. ಎಲ್ಲಕ್ಕಿಂತ ಮುಖ್ಯ, ಬಾಡಿದ ಗೊಂಚಲನ್ನು ಕಾಯಿ ಕಟ್ಟುವ ಮೊದಲೇ ಕತ್ತರಿಸಬೇಕು. ಕಾಯಿ ಕಟ್ಟಿತೋ, ಮರಕ್ಕೆ ತನ್ನ ಕೆಲಸ ಆಯಿತು ಅಂತ ಗೊತ್ತಾಗಿಬಿಡುತ್ತದೆ. ಕಾಯಿ ಕಟ್ಟಲು ಬಿಡದಿದ್ದರೆ ಅದು ಪಾಪ ಮತ್ತೊಮ್ಮೆ ಚಿಗುರಿ ಮತ್ತೊಮ್ಮೆ ಹೂ ಬಿಡುತ್ತದೆ. ಇದನ್ನೆಲ್ಲ ಹೇಮಾವತಿ ಮೂಗು ಒರೆಸಿಕೊಂಡು ಕೇಳಿಸಿಕೊಂಡಳು. ಅವತ್ತಿನಿಂದ ಆಕೆ ನಮ್ಮ ಮನೆಯ ಮಗಳ ಹಾಗೆ.

ಮಗಳ ಹಾಗೆ ಎಂದೆ, ನಮಗೆ ಮಕ್ಕಳಿಲ್ಲ. ಅದರ ದುಃಖ ಎಂದೋ ತೀರಿತು. ನನಗೆ ಇದ್ದದ್ದು ಬೇರೆ ಭಯ. ನಮ್ಮಕ್ಕ ಬಸಲಿಂಗಮ್ಮ ಗಂಡ ಹೋದ ಮೇಲೆ ಒಬ್ಬಳೇ ಆದಳು. ಒಂದು ದಿನ ನಾನು ಹೇಳದೆ ಕೇಳದೆ ಹೋದಾಗ ಆಕೆ ಎರಡು ತಟ್ಟೆ ಬಡಿಸಿಕೊಂಡು, ಎದುರಿನ ತಟ್ಟೆಗೆ ಸಾರು ಸಾಕಾ ಎಂದು ಕೇಳುತ್ತ ಕೂತಿದ್ದಳು. ಬಾಗಿಲಲ್ಲಿ ನಿಂತು ನೋಡಿದ ಆ ನೋಟ ನನ್ನನ್ನು ಬಿಡಲೇ ಇಲ್ಲ. ಸಾವಿಗೆ ನಾನು ಹೆದರುವವಳಲ್ಲ. ಸರ್ವಮಂಗಳ ಎನ್ನುವ ಈ ಹೆಂಗಸು ಹೆದರುತ್ತಿದ್ದದ್ದು ಖಾಲಿ ಮನೆಗೆ, ಒಂದೇ ತಟ್ಟೆಗೆ, ಯಾರ ಜೊತೆ ಜಗಳ ಆಡಬೇಕೆಂದು ಗೊತ್ತಾಗದ ಮಧ್ಯಾಹ್ನಗಳಿಗೆ.

ಅದಕ್ಕೇ ಈ ವರ್ಷ ಚಿಗುರಿನ ಕಾಲದಲ್ಲಿ ನಮ್ಮವರಿಗೆ ಹೊಟ್ಟೆಯೊಳಗೆ ಗಡ್ಡೆ ಇದೆ ಎಂದು ಡಾಕ್ಟರು ಹೇಳಿದಾಗ ನಾನು ಅಳುತ್ತ ಕೂರಲಿಲ್ಲ. ಮನೆಗೆ ಬಂದವಳೇ ಅವರ ಅಂಗಡಿಯ ದೊಡ್ಡ ಕತ್ತರಿ ತೆಗೆದುಕೊಂಡು ಮರದ ಹತ್ತಿರ ಹೋದೆ. ಬಟ್ಟೆ ಕತ್ತರಿಸುವ ಕತ್ತರಿಯನ್ನು ಕಡ್ಡಿಗೆ ಹಾಕಿದರೆ ಬಾಯಿ ಹೋಗುತ್ತದೆ ಎಂದು ಅವರು ಕಿಟಕಿಯಿಂದ ಕೂಗಿದರು. ಇನ್ನು ಯಾರಿಗೆ ಬಟ್ಟೆ ಹೊಲಿಯಬೇಕು ನೀವು ಎಂದು ನಾನೂ ಕೂಗಿದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಜ್ಯೇಷ್ಠದಲ್ಲಿ ಮರ ತುಂಬಿಕೊಂಡು ಹೂ ಬಿಟ್ಟಿತು. ಅವರು ಹೂವಿನ ಮೇಲೆ ಹೋದರು. ಹೀಗೆ ಹೇಳುವುದು ನಮ್ಮಲ್ಲಿ ವಾಡಿಕೆ. ಹೋಗಬೇಕಾದ ಗಳಿಗೆ ಬಂದುಹೋಗಿಯೂ ಮರ ಹಿಡಿದುಕೊಂಡಿರುವ ಜನರಿಗೆ ಹೂವಿನ ಮೇಲಿದ್ದಾರೆ ಎನ್ನುತ್ತೇವೆ. ಅವರನ್ನು ಗುರುತಿಸುವುದು ಕಷ್ಟವಲ್ಲ. ಹಸಿವು ಇರುವುದಿಲ್ಲ, ನಿದ್ದೆ ಇರುವುದಿಲ್ಲ, ಮೈ ಮರದ ಕಾಂಡದಷ್ಟೇ ತಣ್ಣಗಿರುತ್ತದೆ. ಸೊಳ್ಳೆ ಕೂಡ ಅವರ ಹತ್ತಿರ ಸುಳಿಯುವುದಿಲ್ಲ. ಅನುಮಾನ ಬಂದರೆ ಮನೆಯವರು ಅಂಗಳಕ್ಕೆ ಹೋಗಿ ಮರದ ಕಾಂಡವನ್ನು ಉಗುರಿನಲ್ಲಿ ಮೆಲ್ಲಗೆ ಕೆರೆಯುತ್ತಾರೆ. ಹಾಗೆ ಕೆರೆದರೆ ಹೊಳೆದಾಸವಾಳದ ಎಲೆಗಳು ಕಚಗುಳಿ ಇಟ್ಟ ಹಾಗೆ ನಡುಗುತ್ತವೆ. ಒಳಗೆ ಮಲಗಿರುವವರು ಅದೇ ಗಳಿಗೆಯಲ್ಲಿ ನಡುಗಿದರೆ ಹೂವಿನ ಮೇಲಿದ್ದಾರೆ ಅಂತ ಅರ್ಥ. ಗೇಟು ದಾಟಿಸಬಾರದು ಅಂತಲೂ ಅರ್ಥ. ಕಾಂಪೌಂಡಿನ ಆಚೆ ಕಾಲಿಟ್ಟರೆ ಅಲ್ಲೇ ಮುಗಿಯಿತು.

ನಮ್ಮೂರಿನಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ಹೆದರಿಕೆ ಏನೂ ಇಲ್ಲ. ಹೂವಿನ ತಿಂಗಳುಗಳಲ್ಲಿ ಬೀದಿಯಲ್ಲಿ ನಡೆದರೆ ಒಂದಲ್ಲ ಒಂದು ಕಿಟಕಿಯಲ್ಲಿ ರೆಪ್ಪೆ ಮುಚ್ಚದ ಮುಖ ಕಾಣಿಸುತ್ತದೆ. ಹೋಗಿ ಬರುವವರು ಅದಕ್ಕೊಂದು ನಮಸ್ಕಾರ ಹಾಕಿ ಹೋಗುತ್ತಾರೆ. ಆದರೆ ಹೂ ಜೀವವನ್ನು ಹಿಡಿಯುತ್ತದೆಯೇ ಹೊರತು ನೋವನ್ನು ಬಿಡಿಸುವುದಿಲ್ಲ. ನಮ್ಮವರು ನರಳುತ್ತಿದ್ದರು. ಹಗಲೂ ಇರುಳೂ ಒಂದೇ ಸಮನೆ, ಬಾವಿಯ ರಾಟೆ ಎಣ್ಣೆ ಇಲ್ಲದೆ ಕಿರುಗುಟ್ಟುವ ಹಾಗೆ. ಆಷಾಢ ಕಳೆದು ಮೊದಲ ಹೂ ಬಾಡಲು ಶುರುವಾದಾಗ ಕಿಟಕಿಯಿಂದ ನನ್ನನ್ನು ಕರೆದರು.

'ಸಾಕು ಮಂಗಳ. ಕತ್ತರಿ ಇಟ್ಬಿಡು.'

ನಾನು ಕೇಳಿಸದವಳ ಹಾಗೆ ಏಣಿ ಹತ್ತಿ ಬಾಡಿದ ಗೊಂಚಲನ್ನೆಲ್ಲ ಕತ್ತರಿಸಿ ಹಾಕಿದೆ. ಆಮೇಲೆ ದಿನಾ ಇದೇ ಆಯಿತು. ಅವರು ಬೇಡಿಕೊಳ್ಳುವುದು, ನಾನು ಕತ್ತರಿಸುವುದು. ಒಮ್ಮೆ ಸಿಟ್ಟು ಬಂದು, ನಿಮ್ಮ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ, ಬಾಯಿ ಮುಚ್ಚಿಕೊಂಡು ಮಲಗಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ನನ್ನ ಮಾತು ಸುಳ್ಳೆಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಭಾದ್ರಪದದಲ್ಲಿ ಎರಡನೆಯ ಹೂ ಬಂತು. ಎರಡನೆಯ ಸಲ ಬರುವ ಹೂ ಎತ್ತರದಲ್ಲಿ, ಕೊಂಬೆಗಳ ತುದಿಯಲ್ಲಿ ಇರುತ್ತದೆ. ಅದನ್ನು ಸವರಲು ಹೋದ ಒಂದು ಬೆಳಿಗ್ಗೆ ಏಣಿಯ ಮೆಟ್ಟಿಲು ಮುರಿದು ನಾನು ಕೆಳಗೆ ಬಿದ್ದೆ. ಒಗೆಯುವ ಕಲ್ಲಿಗೆ ತಲೆ ತಾಗಿತು. ಎದ್ದು ನೋಡಿದರೆ ರಕ್ತ ಇಲ್ಲ, ಗಾಯ ಇಲ್ಲ. ಹಿಂದಲೆಯಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು ಆಗಿತ್ತು, ಅಷ್ಟೇ. ನೋವೂ ಇರಲಿಲ್ಲ. ಏಣಿ ಮಾರಿದವನ ಏಳು ತಲೆಮಾರನ್ನು ಬೈದು, ಬಿದ್ದ ಕತ್ತರಿ ಎತ್ತಿಕೊಂಡು ಮಿಕ್ಕ ಕೆಲಸ ಮುಗಿಸಿದೆ. ಮಾರನೆಯ ದಿನ ತುರುಬು ಕಟ್ಟಿದರೆ ಅದು ಮೊದಲಿಗಿಂತ ಚೆನ್ನಾಗಿ ಕೂರುತ್ತಿತ್ತು. ಹೇಮಾವತಿಗೆ ಹೇಳಿ ನಕ್ಕೆ.

ಅವತ್ತಿನಿಂದ ನಮ್ಮವರು ಬದಲಾದರು. ನರಳುವುದು ನಿಂತುಹೋಯಿತು. ಸಾಕು, ಬಿಡು ಎನ್ನುವುದೂ ನಿಂತಿತು. ಬದಲಿಗೆ ಬೆಳಗಾದರೆ ಸಾಕು, ಮಂಗಳಾ ಬಾಡಿದ್ದು ತೆಗೆದೆಯಾ, ಬಲಗಡೆ ಕೊಂಬೆಯಲ್ಲಿ ಒಂದು ಉಳಿದಿದೆ ನೋಡು, ಕಾಯಿ ಕಟ್ಟಿಬಿಟ್ಟೀತು ಎಂದು ಅವರೇ ಕಿಟಕಿಯಿಂದ ಎಚ್ಚರಿಸುತ್ತಿದ್ದರು. ಈ ಕತ್ತರಿಯಿಂದ ಆಗುವುದಿಲ್ಲ, ಸಾಣೆ ಹಿಡಿಸು ಎಂದು ಹೇಮಾವತಿಯ ಗಂಡನ ಕೈಯಲ್ಲಿ ಕತ್ತರಿ ಕೊಟ್ಟು ಕಳಿಸಿದರು. ನನಗೆ ಎಷ್ಟು ಸಂತೋಷ ಆಯಿತೆಂದರೆ, ಅಡುಗೆಮನೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೆ. ಹೂವು ನೋವನ್ನೂ ತೆಗೆಯುತ್ತದೆ, ಚೆನ್ನಾಗಿ ಬೆಳೆಸಿದರೆ, ಊರಿನಲ್ಲಿ ಯಾರಿಗೂ ಗೊತ್ತಿಲ್ಲದ್ದನ್ನು ನಾನು ಸಾಧಿಸಿದೆ ಎಂದುಕೊಂಡೆ.

ಇನ್ನೊಂದು ಬದಲಾವಣೆ, ನನ್ನನ್ನು ಗೇಟು ದಾಟಲು ಬಿಡುತ್ತಿರಲಿಲ್ಲ. ತರಕಾರಿಗೆ ಹೊರಟರೆ ಹೊಟ್ಟೆ ಹಿಡಿದುಕೊಂಡು ಕೂಗುತ್ತಿದ್ದರು. ಓಡಿ ಒಳಗೆ ಬಂದರೆ ಏನೂ ಇಲ್ಲ, ಇಲ್ಲೇ ಕೂತಿರು ಎನ್ನುತ್ತಿದ್ದರು. ಒಂದು ದಿನ ನನ್ನ ಚಪ್ಪಲಿಯೇ ಕಾಣೆಯಾಯಿತು. ಹೊಸ ಚಪ್ಪಲಿ ತರಲು ಪೇಟೆಗೆ ಹೋಗಬೇಕು, ಪೇಟೆಗೆ ಹೋಗಲು ಚಪ್ಪಲಿ ಬೇಕು. ಬೇಕಾದದ್ದನ್ನೆಲ್ಲ ಹೇಮಾವತಿಯೇ ತಂದು ಗೋಡೆಯ ಮೇಲಿಡುತ್ತಿದ್ದಳು. ಈ ವಯಸ್ಸಿನಲ್ಲಿ ಹೊಸ ಮದುಮಗನ ಹಾಗೆ ಹೆಂಡತಿಯ ಸೆರಗು ಬಿಡುವುದಿಲ್ಲ ನೋಡೇ ಎಂದು ಆಕೆಯ ಎದುರು ನಾನು ಬೀಗಿದ್ದೆ. ಆಕೆ ಕಾಲಿನ ಮೇಲೆ ಕೂತ ಸೊಳ್ಳೆ ಹೊಡೆದುಕೊಳ್ಳುತ್ತ, ನಿಮ್ಮಿಬ್ಬರಿಗೂ ಇವು ಏನೂ ಮಾಡಲ್ವಾ ಮಂಗಳಮ್ಮ ಎಂದು ಕೇಳಿದಳು. ಕಹಿ ರಕ್ತ ಕಣೇ ನಂದು ಎಂದೆ.

ಹೌದು, ಊಟ ಸೇರುತ್ತಿರಲಿಲ್ಲ. ಕಾಯಿಲೆಯವರ ಮನೆಯಲ್ಲಿ ಯಾರಿಗೆ ಊಟ ಸೇರುತ್ತದೆ? ನಿದ್ದೆಯೂ ಇರಲಿಲ್ಲ. ಅವರು ಮಂಚದ ಮೇಲೆ, ನಾನು ಕೆಳಗೆ ಚಾಪೆಯ ಮೇಲೆ, ಇಬ್ಬರೂ ಕಣ್ಣು ಬಿಟ್ಟುಕೊಂಡು ಹಳೆಯದನ್ನೆಲ್ಲ ಮಾತಾಡುತ್ತಿದ್ದೆವು. ಮೊದಲ ದೀಪಾವಳಿಗೆ ಅವರು ನನಗೆ ರವಿಕೆ ಹೊಲಿದು, ತೋಳು ಬಿಗಿಯಾಗಿ, ಟೈಲರ್ ಹೆಂಡತಿ ಊರೆಲ್ಲ ತೋಳು ಮೇಲೆತ್ತದೆ ಓಡಾಡಿದ್ದು. ನಲವತ್ತು ವರ್ಷದಲ್ಲಿ ನಾವು ಅಷ್ಟು ಮಾತಾಡಿರಲಿಲ್ಲ.

ಊರಿನ ಮರಗಳು ಎಲೆ ಕೆಂಪಾಗಿಸಿಕೊಂಡು ಉದುರಿಸಿದವು. ಉದುರುವ ವಾರ ಬಂತು, ಹೋಯಿತು. ಎದುರು ಸಾಲಿನ ಎರಡು ಮನೆಗಳಲ್ಲಿ ಒಬ್ಬೊಬ್ಬರು ಹೋದರು. ನಮ್ಮ ಮರ ಮೂರನೆಯ ಸಲ ಚಿಗುರಿ, ಮೊಗ್ಗಾಗಿ, ರಾಣಿ ಬಣ್ಣ ತುಂಬಿಕೊಂಡು ಒಂದೇ ಒಂದು ನಿಂತಿತ್ತು. ಮೂರನೆಯ ಹೂ ಯಾರೂ ಕಂಡಿದ್ದಲ್ಲ, ಕೇಳಿದ್ದಲ್ಲ. ನಾನು ಏನೇನು ಮಾಡಿದೆನೆಂದು ಹೇಳಲು ಹೋದರೆ ಮುಗಿಯುವುದಿಲ್ಲ. ಬುಡಕ್ಕೆ ಒಲೆಯ ಬೂದಿ, ಎಲೆಗೆ ಹೇನು ಹತ್ತದ ಹಾಗೆ ಬೇವಿನ ಎಣ್ಣೆ. ಮಂಜು ತಾಗಬಾರದೆಂದು ಸಂಜೆಯಾದರೆ ನನ್ನ ಹಳೆಯ ಸೀರೆಗಳನ್ನು ಮರಕ್ಕೆ ಸುತ್ತಿ, ಬಿಸಿಲು ಏರಿದ ಮೇಲೆ ಬಿಚ್ಚುತ್ತಿದ್ದೆ. ಮಬ್ಬಿನಲ್ಲಿ ನಮ್ಮ ಅಂಗಳದಲ್ಲಿ ಯಾರೋ ಸೀರೆ ಉಟ್ಟು ಕೈ ಮೇಲೆತ್ತಿ ನಿಂತ ಹಾಗೆ ಕಾಣುತ್ತಿತ್ತು. ಬೀದಿಯಲ್ಲಿ ಹೋಗುವವರು ಈಗ ನಮಸ್ಕಾರ ಹಾಕುತ್ತಿರಲಿಲ್ಲ, ಆಚೆ ಬದಿಗೆ ಸರಿದು ಬೇಗ ಬೇಗ ನಡೆಯುತ್ತಿದ್ದರು. ಹಾಲಿನವನು ಗೇಟಿನ ಹೊರಗೇ ಹಾಲು ಇಟ್ಟು ಹೋಗತೊಡಗಿದ. ಹೊಟ್ಟೆಕಿಚ್ಚು ಎಂದುಕೊಂಡೆ. ಆ ಹಾಲನ್ನು ನಾವು ಕುಡಿಯುತ್ತಲೂ ಇರಲಿಲ್ಲ. ದಿನಾ ಕಾಯಿಸುತ್ತಿದ್ದೆ, ದಿನಾ ಚೆಲ್ಲುತ್ತಿದ್ದೆ.

ಮೂರು ವಾರದ ಹಿಂದೆ, ಒಂದು ಮಧ್ಯಾಹ್ನ. ಟೀ ಮಾಡಿಕೊಂಡು ಎರಡು ಲೋಟ ಹಿಡಿದು ಕೋಣೆಗೆ ಬಂದೆ. ಕುಡಿಯದಿದ್ದರೂ ಟೀ ಹೊತ್ತಿಗೆ ಟೀ ಆಗಬೇಕು, ಅದು ನಮ್ಮ ಮನೆಯ ಪದ್ಧತಿ. ಕಿಟಕಿಯ ಆಚೆ ಮರ ಕಾಣುತ್ತಿತ್ತು. ಅಳಿಲೊಂದು ಎಲ್ಲಿಂದಲೋ ಬಂದು ಕಾಂಡಕ್ಕೆ ಹಾರಿತು. ನುಣುಪಿನ ಮೇಲೆ ಕಾಲು ನಿಲ್ಲದೆ ಜಾರಿ, ಉಗುರು ಊರಿ ಪರಪರ ಕೆರೆದುಕೊಂಡು ಮೇಲೆ ಹತ್ತಿತು. ಎಲೆಗಳು ನಡುಗಿದವು. ಮಂಚದ ಮೇಲೆ ನಮ್ಮವರು ನಡುಗಿದರು. ನನ್ನ ಕೈಯಲ್ಲಿದ್ದ ಎರಡು ಲೋಟಗಳು ಒಂದಕ್ಕೊಂದು ಕಟಕಟ ಬಡಿದು ಟೀ ನೆಲದ ಮೇಲೆಲ್ಲ ಚೆಲ್ಲಿತು.

ನಾನು ಚೆಲ್ಲಿದ ಟೀಯನ್ನು ನೋಡುತ್ತ ನಿಂತೆ. ಅಳಿಲು ಮತ್ತೆ ಕೆಳಗೆ ಇಳಿಯಿತು. ಬೆನ್ನಿನ ಉದ್ದಕ್ಕೂ ಸಣ್ಣ ಸಣ್ಣ ಉಗುರುಗಳು ಓಡಿದ ಹಾಗಾಗಿ ನನ್ನ ಹಲ್ಲು ಕಟ್ಟಿಕೊಂಡಿತು.

'ಗೊತ್ತಾಯ್ತಾ?' ಎಂದರು ಅವರು, ಬಹಳ ಮೆಲ್ಲಗೆ.

ತುರುಬಿನ ಕೆಳಗೆ ಕೈ ಹೋಯಿತು. ಹೆಬ್ಬೆರಳು ಅಲ್ಲಿ ಕೂತಿತು.

ಅವರು ಹೇಳಿದರು. ನಾನು ಏಣಿಯಿಂದ ಬಿದ್ದದ್ದನ್ನು ಕಿಟಕಿಯಿಂದ ನೋಡುತ್ತಲೇ ಇದ್ದರಂತೆ. ಕಲ್ಲಿಗೆ ತಲೆ ಬಡಿದ ಸದ್ದು ಮಂಚದ ತನಕ ಕೇಳಿಸಿತಂತೆ. ಬಿದ್ದೆ, ಎದ್ದೆ ಎಂದು ನಾನು ತಿಳಿದಿದ್ದೇನಲ್ಲ, ಹಾಗಲ್ಲವಂತೆ. ಕಣ್ಣು ಬಿಟ್ಟುಕೊಂಡು ಬಹಳ ಹೊತ್ತು ಬಿದ್ದಿದ್ದೆನಂತೆ. ಮುಖದ ಮೇಲೆ ಹೂವಿನ ಎಸಳು ಉದುರಿ, ಒಂದು ಎಸಳು ತೆರೆದ ಕಣ್ಣಿನ ಮೇಲೆಯೇ ಕೂತು, ರೆಪ್ಪೆ ಆಡಲಿಲ್ಲವಂತೆ. ಅವರು ಮಂಚದಿಂದ ಉರುಳಿ ಹೊಸಿಲ ತನಕ ತೆವಳಿಕೊಂಡು ಬಂದಿದ್ದರಂತೆ. ಅಷ್ಟರಲ್ಲಿ ನಾನು ಎದ್ದು ಕೂತು ಏಣಿಯವನಿಗೆ ಬೈಯಲು ಶುರು ಮಾಡಿದೆನಂತೆ.

'ಚಪ್ಪಲಿ?' ಎಂದೆ.

'ಹೇಮಾವತಿ ಕೈಲಿ ಬಾವಿಗೆ ಹಾಕಿಸ್ದೆ.'

'ಹೇಮಾವತಿಗೂ ಗೊತ್ತಾ?'

'ಊರಿಗೆಲ್ಲ ಗೊತ್ತು, ಮಂಗಳ.'

ನನಗೆ ಬಂದದ್ದು ದುಃಖವಲ್ಲ, ಕೆಟ್ಟ ಸಿಟ್ಟು. ಊರಿಗೆಲ್ಲ ಬುದ್ಧಿ ಹೇಳುವ ನಾನು, ಯಾರು ಹೂವಿನ ಮೇಲಿದ್ದಾರೆಂದು ಬೀದಿಯ ತುದಿಯಿಂದಲೇ ಗುರುತಿಸುವ ನಾನು, ನನ್ನ ತಲೆಯ ತಗ್ಗು ಇಟ್ಟುಕೊಂಡು ತುರುಬಿನ ಚೆಂದ ಹೇಳಿ ನಕ್ಕಿದ್ದೆ. ಅವರ ಮೇಲೆ ಹಾಯ್ದೆ. ಯಾಕೆ ಹೇಳಲಿಲ್ಲ, ನನ್ನನ್ನು ಏನೆಂದು ತಿಳಿದಿರಿ, ನಿಮಗೆ ನೋವಿಲ್ಲ ಅಂತ ಆಟ ಆಡಿದಿರಾ ಎಂದು ಕಿರುಚುತ್ತ ಅವರ ದಿಂಬನ್ನು ಎಳೆದೆ. ಯಾಕೆ ಎಳೆದೆನೋ, ಎಸೆಯಲೋ ಏನೋ. ದಿಂಬಿನ ಕೆಳಬದಿ ನನ್ನ ಕೈಗೆ ಬಂತು. ಅದರ ಒಂದು ಮೂಲೆ ಪೂರ್ತಿ ಹರಿದು, ಹತ್ತಿ ಹೊರಗೆ ಬಂದು, ಜಗಿದು ಜಗಿದು ಗಟ್ಟಿಯಾಗಿತ್ತು. ನರಳುವ ಸದ್ದು ನನಗೆ ಕೇಳಿಸಬಾರದೆಂದು ಇಷ್ಟು ತಿಂಗಳೂ ಅದನ್ನು ಕಚ್ಚಿಕೊಂಡಿದ್ದರು. ನಾನು ಅಡುಗೆಮನೆಗೆ ಹೋದಾಗ, ಅಂಗಳಕ್ಕೆ ಹೋದಾಗ, ಬಾವಿಕಟ್ಟೆಗೆ ಹೋದಾಗ.

ದಿಂಬು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಟೀ ಚೆಲ್ಲಿದ್ದ ಜಾಗದಲ್ಲೇ ಕೂತೆ, ಸೀರೆ ಒದ್ದೆಯಾಯಿತು.

'ನಿನಗೆ ನೋವಿಲ್ಲವಲ್ಲ,' ಎಂದರು. 'ಓಡಾಡ್ತೀಯ, ಬೈತೀಯ, ನಗ್ತೀಯ. ಇದ್ದಷ್ಟು ದಿನ ಇರ್ಲಿ ಅಂತ ನಾನೂ ಇದ್ದೆ. ಈಗೇನಾಯ್ತು, ಆ ಕತ್ತರಿ ತಗೊ. ಎಡಗಡೆ ಕೊಂಬೇಲಿ ಬಾಡಿದ್ದಿದೆ.'

ನಾನು ಕತ್ತರಿ ಮುಟ್ಟಲಿಲ್ಲ. ಅವರು ಬೇಡಿದಾಗೆಲ್ಲ ಕತ್ತರಿಸಿದವಳು ನಾನು, ಈಗ ಕತ್ತರಿಸು ಎಂದಾಗ ಕತ್ತರಿಸಲಿಲ್ಲ. ಅವತ್ತು ಸಂಜೆ ಸೀರೆಯನ್ನೂ ಸುತ್ತಲಿಲ್ಲ. ಎರಡು ದಿನ ನಮ್ಮಿಬ್ಬರಿಗೂ ಜಗಳ. ಅವರು ದಮ್ಮಯ್ಯ ಎಂದರು, ನಮ್ಮಪ್ಪನ ಆಣೆ ಹಾಕಿದರು, ಈ ಹೆಂಗಸಿನ ಹಟಕ್ಕೆ ಎಣೆಯೇ ಇಲ್ಲ ಎಂದು ಗೋಡೆಗೆ ದೂರು ಹೇಳಿದರು. ನನ್ನ ನೆಪ ಹೇಳಿಕೊಂಡು ನೀನು ಹೋಗಬೇಡ ಎಂದರು. ನಿಮ್ಮ ನೆಪ ಹೇಳಿಕೊಂಡು ನಾನು ನಿಮ್ಮನ್ನು ಇಷ್ಟು ದಿನ ಇಟ್ಟುಕೊಂಡೆನಲ್ಲ, ಅದಕ್ಕೇನೆನ್ನುತ್ತೀರಿ ಎಂದೆ.

ಹಾಗೆ ಜಗಳ ಆಡುತ್ತಿರುವಾಗಲೇ ನನಗೆ ಹೊಳೆದದ್ದು. ಇಷ್ಟು ಕಾಲ ಹೆದರಿದ್ದು ನಾನು ಒಬ್ಬಳೇ ಹಿಂದೆ ಉಳಿಯುತ್ತೇನೆಂದು ತಾನೆ? ಇನ್ನು ಹಿಂದೆ ಉಳಿಯುವವರು ಯಾರು? ಈ ಮನೆಯಲ್ಲಿ ಒಂದೇ ತಟ್ಟೆ ಹಾಕಿಕೊಂಡು ಯಾರೂ ಕೂರುವುದಿಲ್ಲ. ಎಷ್ಟೋ ವರ್ಷದಿಂದ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕೆ ಇಟ್ಟ ಹಾಗಾಯಿತು. ಅವರಿಗೆ ಹೇಳಿದೆ. ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗು ಎಂದರು.

ಕಂಕುಳಿಗೆ ಕೈ ಕೊಟ್ಟು ನಡೆಸಿಕೊಂಡು ಹೋಗಿ ಮರದ ಬುಡದಲ್ಲಿ ಕೂರಿಸಿದೆ. ಹಕ್ಕಿಯಷ್ಟು ಹಗುರವಾಗಿದ್ದರು. ಬಿಸಿಲು ಚೆನ್ನಾಗಿತ್ತು. ಬಾಡಿದ ಎಸಳು ಇಬ್ಬರ ತಲೆಯ ಮೇಲೂ ಬೀಳುತ್ತಿತ್ತು. ನಾನು ಮೈಮರೆತು ಕೂತಿದ್ದಾಗ ಅವರು ಕಳ್ಳನ ಹಾಗೆ ಕೈ ಹಿಂದೆ ಹಾಕಿ ಕಾಂಡವನ್ನು ಉಗುರಿನಲ್ಲಿ ಗೀರಿದರು. ನಾನು ಹೌಹಾರಿ ಹೋದೆ, ಅವರೂ ನಡುಗಿದರು, ಮೇಲೆ ಮರ ನಡುಗಿತು. ಥೂ ನಿಮ್ಮ, ವಯಸ್ಸಿಗೆ ತಕ್ಕ ಹಾಗೆ ಇರಿ ಎಂದು ಬೈದೆ. ಅವರು ಹೊಟ್ಟೆ ಹಿಡಿದುಕೊಂಡು, ನೋವಿಗೋ ನಗೆಗೋ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಹೇಮಾವತಿ ಗೋಡೆಯ ಆಚೆ ನಿಂತು ನೋಡುತ್ತಿದ್ದಳು. ಆಕೆಗೆ ಅರ್ಥವಾಗಿತ್ತು. ಆದರೂ ಕೇಳಿದಳು.

'ಮಂಗಳಮ್ಮ, ಬಾಡಿದ್ದು ಹಾಗೇ ಬಿಟ್ಟಿದೀರಲ್ಲ. ನಾನು ಬಂದು ಕತ್ತರಿಸ್ಲಾ?'

'ಬೇಡ ಕಣೇ. ಕಾಯಿ ಕಟ್ಟಲಿ.'

ಸೆರಗನ್ನು ಬಾಯಿಗೆ ಹಿಡಿದುಕೊಂಡು ಒಳಗೆ ಓಡಿದಳು. ಆಮೇಲೆ ಕರೆದು, ಮಾಘ ಮುಗಿಯುವಾಗ ಕಡ್ಡಿ ಸವರುವುದನ್ನು ಮರೆಯಬೇಡ, ದಪ್ಪ ಕೊಂಬೆ ಮುಟ್ಟಬೇಡ, ಗೊಬ್ಬರದ ಆಸೆ ಬಿಡು ಎಂದು ಮತ್ತೆ ಹೇಳಿದೆ. ಸಾಣೆ ಹಿಡಿದ ಕತ್ತರಿಯನ್ನು ಗೋಡೆಯ ಮೇಲೆ ಇಟ್ಟು ಬಂದೆ. ಆಕೆಯ ಮರಕ್ಕೆ ಈ ಸಲ ಬಿಸಿಲು ಚೆನ್ನಾಗಿದೆ, ಹೂ ಬರುತ್ತದೆ.

ಇವತ್ತಿಗೆ ಮರದಲ್ಲಿ ಉಳಿದಿರುವುದು ತುದಿಯ ಒಂದು ಗೊಂಚಲು. ಉಳಿದ ಕಡೆಯೆಲ್ಲ ಬಟಾಣಿಯಷ್ಟು ಹಸಿರು ಕಾಯಿ. ಬೆಳಿಗ್ಗೆಯಿಂದ ಗಾಳಿ ಇದೆ. ಮನೆಯನ್ನು ಗುಡಿಸಿ ಸಾರಿಸಿದೆ, ಪಾತ್ರೆ ತೊಳೆದು ಬೋರಲು ಹಾಕಿದೆ, ಹಾಲಿನವನಿಗೆ ನಾಳೆಯಿಂದ ಬೇಡ ಎಂದು ಹೇಮಾವತಿಯಿಂದ ಹೇಳಿಸಿದೆ. ನಮ್ಮವರಿಗೆ ಸ್ನಾನ ಮಾಡಿಸಿ, ಅವರೇ ಹೊಲಿದುಕೊಂಡಿದ್ದ ಬಿಳಿ ಅಂಗಿ ಹಾಕಿದೆ. ದೊಗಲೆಯಾಗಿದೆ, ಗುಂಡಿ ಸ್ವಲ್ಪ ಒಳಗೆ ಹಾಕಿಕೊಡು ಎಂದರು. ಇನ್ನು ಯಾರು ನೋಡಬೇಕು ಎನ್ನಲು ಬಾಯಿ ತೆರೆದವಳು, ಸೂಜಿ ದಾರ ತಂದು ಹಾಕಿಕೊಟ್ಟೆ. ಹೊಲಿಗೆ ಸೊಟ್ಟ ಎಂದರು. ನೋವು ಹೇಗಿದೆ ಎಂದರೆ, ಇದೆ, ಇನ್ನೇನು ಎಂದರು.

ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಗಾಳಿ ಜೋರಾಯಿತು. ದೀಪ ಹಚ್ಚಿ, ನನ್ನ ಚಾಪೆಯನ್ನು ಮಡಿಸಿ ಮೂಲೆಗೆ ಇಟ್ಟು, ಮಂಚದ ಮೇಲೆ ಸ್ವಲ್ಪ ಆಚೆ ಸರಿಯಿರಿ ಎಂದೆ. ಅವರು ಗೋಡೆಯ ಕಡೆ ಸರಿದು ಜಾಗ ಮಾಡಿದರು.

'ಮುಂಬಾಗಿಲಿಗೆ ಚಿಲಕ ಹಾಕಿದ್ಯಾ?' ಎಂದು ಕೇಳಿದರು.

'ಇಲ್ಲ ರೀ, ಬರೀ ಮುಂದೆ ಮಾಡಿದೀನಿ. ಬೆಳಿಗ್ಗೆ ಹೇಮಾವತಿ ಬಂದು ತಳ್ಳಿದ್ರೆ ತೆರ್ಕೋಬೇಕಲ್ಲ.'